ಹೆಲೆನ್ ಸಿಟ್ಟಿಗೆ ಮಾತು ಸಿಕ್ಕ ದಿನ

ಹೆಲೆನ್ ಕೆಲ್ಲರ್ ಎಂದರೆ ನಮಗೆ ನೆನಪಾಗುವುದು ಶಾಲೆಯ ಗೋಡೆಯ ಮೇಲಿನ ಸುಭಾಷಿತ, ಇಲ್ಲವೇ ಭಾಷಣ ಸ್ಪರ್ಧೆಯಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದ ನಾಲ್ಕು ಸಾಲು. ಕಣ್ಣು ಕಾಣದ, ಕಿವಿ ಕೇಳದ ಮಹಾನ್ ಮಹಿಳೆ, ಸದಾ ಶಾಂತವಾದ ಮುಖ. ಆದರೆ ಐದಾರು ವರ್ಷದ ಹೆಲೆನ್‌ಳನ್ನು ಅವಳ ಮನೆಯಲ್ಲಿ ಒಮ್ಮೆ ಕಂಡಿದ್ದರೆ ನೀವು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹೆತ್ತ ತಾಯಿಯನ್ನೇ ಉಗ್ರಾಣದೊಳಗೆ ಕೂಡಿ ಬೀಗ ಹಾಕಿ, ಹೊರಗಿನ ಮೆಟ್ಟಿಲ ಮೇಲೆ ಕೂತು, ಅಮ್ಮ ಬಾಗಿಲು ಬಡಿಯುವ ಅದುರನ್ನು ಮೈಯಲ್ಲೇ ಅನುಭವಿಸುತ್ತ ನಕ್ಕ ಹುಡುಗಿ ಅವಳು. ಮೂರು ಗಂಟೆ ಆ ತಾಯಿ ಒಳಗೇ ಇದ್ದರು. ತನ್ನ ಗೊಂಬೆಯ ತೊಟ್ಟಿಲಲ್ಲಿ ಪುಟ್ಟ ತಂಗಿ ಮಲಗಿದ್ದಾಳೆಂದು ತಿಳಿದಾಗ ತೊಟ್ಟಿಲನ್ನೇ ಮಗುಚಿದಳು. ಅಮ್ಮ ಹಿಡಿದುಕೊಂಡಿದ್ದರಿಂದ ಮಗು ಉಳಿಯಿತು.

1880ರ ಜೂನ್ 27ರಂದು ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದಾಗ ಹೆಲೆನ್ ಎಲ್ಲ ಮಕ್ಕಳಂತೆಯೇ ಇದ್ದಳು. 19 ತಿಂಗಳಾದಾಗ ವಿಪರೀತ ಜ್ವರ ಬಂತು. ಜ್ವರವೇನೋ ಇಳಿಯಿತು, ಆದರೆ ಕಣ್ಣು, ಕಿವಿ ಎರಡೂ ಹೋದವು. ಕಲಿತಿದ್ದ ತೊದಲು ಮಾತುಗಳಲ್ಲಿ ನೀರಿಗೆ ಹೇಳುತ್ತಿದ್ದ ಒಂದು ಶಬ್ದ ಮಾತ್ರ ಹೇಗೋ ಉಳಿದುಕೊಂಡಿತು.

ಮಾತಿಲ್ಲ ಎಂದು ಅವಳು ಸುಮ್ಮನೆ ಕೂರಲಿಲ್ಲ. ಎಳೆದರೆ ಬಾ, ತಳ್ಳಿದರೆ ಹೋಗು. ಬ್ರೆಡ್ ಬೇಕಿದ್ದರೆ ಕತ್ತರಿಸಿ ಬೆಣ್ಣೆ ಸವರುವ ಅಭಿನಯ. ಐಸ್‌ಕ್ರೀಮ್ ಬೇಕಿದ್ದರೆ ಯಂತ್ರ ತಿರುಗಿಸಿದಂತೆ ಮಾಡಿ ಮೈ ನಡುಗಿಸುವುದು! ಆದರೆ ದೊಡ್ಡವರು ತನ್ನ ಹಾಗೆ ಸನ್ನೆ ಮಾಡದೆ ತುಟಿ ಆಡಿಸಿ ಏನೋ ನಡೆಸುತ್ತಾರೆ ಎಂಬುದು ಕ್ರಮೇಣ ಗೊತ್ತಾಯಿತು. ಇಬ್ಬರು ಮಾತಾಡುವಾಗ ನಡುವೆ ನಿಂತು ಅವರ ತುಟಿ ಮುಟ್ಟಿ ನೋಡುತ್ತಿದ್ದಳು. ತಾನೂ ತುಟಿ ಆಡಿಸಿ ನೋಡಿದಳು. ಏನೂ ಆಗಲಿಲ್ಲ. ಆಗ ಬರುತ್ತಿತ್ತು ನೋಡಿ ಸಿಟ್ಟು! ಸುಸ್ತಾಗಿ ಬೀಳುವವರೆಗೂ ಒದೆತ, ಕಿರುಚಾಟ. ದಿನಕ್ಕೊಮ್ಮೆ ಇದ್ದದ್ದು ಕೆಲವೊಮ್ಮೆ ಗಂಟೆಗೊಮ್ಮೆ ಆಗತೊಡಗಿತು.

ಎಲೆಕ್ಟ್ರಾನಿಕ್ಸ್ ಓದುವ ನನಗೆ ಇದು ಬೇಗ ಅರ್ಥವಾಗುತ್ತದೆ. ಇನ್‌ಪುಟ್ ಬರುತ್ತಲೇ ಇದೆ, ಔಟ್‌ಪುಟ್‌ಗೆ ದಾರಿಯೇ ಇಲ್ಲ. ಒಂದರಿಂದ ಮೂರು ವರ್ಷದೊಳಗಿನ ಮಕ್ಕಳು ನೆಲಕ್ಕೆ ಬಿದ್ದು ಹೊರಳಾಡುವುದರ ಹಿಂದೆಯೂ ಬಹಳ ಸಲ ಇರುವುದು ಇದೇ. ಬೇಕು ಎಂಬುದು ಬೆಟ್ಟದಷ್ಟು, ಹೇಳಲು ಇರುವ ಮಾತು ಬೊಗಸೆಯಷ್ಟು. ಬೇರೆ ಮಕ್ಕಳು ಮಾತು ಬಂದಂತೆ ಆ ಹಂತ ದಾಟುತ್ತಾರೆ. ಹೆಲೆನ್ ಏಳು ತುಂಬುತ್ತ ಬಂದರೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಅಪ್ಪ ಅಮ್ಮ ಅಯ್ಯೋ ಪಾಪ ಎಂದು ಕೇಳಿದ್ದನ್ನೆಲ್ಲ ಕೊಟ್ಟರು. ಕಿರುಚಿದರೆ ಎಲ್ಲವೂ ಸಿಗುತ್ತದೆ ಎಂದು ಕಲಿಯುವಷ್ಟು ಬುದ್ಧಿ ಅವಳಿಗೆ ಚೆನ್ನಾಗಿಯೇ ಇತ್ತು.

1887ರ ಮಾರ್ಚ್ 3ರಂದು ಆ ಮನೆಗೆ ಆ್ಯನ್ ಸಲಿವನ್ ಬಂದಳು. ವಯಸ್ಸು 20, ಅಂದರೆ ಈಗ ನಮ್ಮ ಕ್ಲಾಸಿನಲ್ಲಿ ಕೂತವರಷ್ಟೇ. ಬಾಸ್ಟನ್‌ನ ಪರ್ಕಿನ್ಸ್ ಅಂಧರ ಶಾಲೆಯಿಂದ ಹಿಂದಿನ ವರ್ಷವಷ್ಟೇ ಓದು ಮುಗಿಸಿದ್ದಳು. ಇದು ಅವಳ ಮೊದಲ ಮೇಷ್ಟ್ರಗಿರಿ, ಅನುಭವ ಸೊನ್ನೆ. ಆದರೆ ಬಾಲ್ಯದಲ್ಲೇ ಕಣ್ಣಿನ ಕಾಯಿಲೆ, ತಾಯಿಯ ಸಾವು, ತಮ್ಮನ ಜೊತೆ ಟ್ಯೂಕ್ಸ್‌ಬರಿಯ ನಿರ್ಗತಿಕರ ಆಶ್ರಮದ ವಾಸ, ಅಲ್ಲೇ ಆ ತಮ್ಮನ ಸಾವು, ಇಷ್ಟನ್ನೂ ಕಂಡಿದ್ದಳು. ಶಾಲೆಯಲ್ಲಿ ಅವಳೂ ಮಹಾ ಸಿಡುಕಿ. ಹೆಲೆನ್‌ಳ ಸಿಟ್ಟು ಅವಳಿಗೆ ಹೊಸದಾಗಿ ಕಂಡಿರಲಾರದು.

ಮೊದಲ ದಿನಗಳಲ್ಲೇ ಊಟದ ಮೇಜಿನ ಮೇಲೆ ಯುದ್ಧ ನಡೆಯಿತು. ಎಲ್ಲರ ತಟ್ಟೆಗೂ ಕೈ ಹಾಕಿ ತಿನ್ನುವುದು ಹೆಲೆನ್‌ಳ ರೂಢಿ. ಆ್ಯನ್ ತನ್ನ ತಟ್ಟೆಗೆ ಕೈ ಹಾಕಲು ಬಿಡಲಿಲ್ಲ. ಮನೆಯವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿ, ಒದೆತ, ಚಿವುಟಾಟ ತಿಂದುಕೊಂಡೇ ಹುಡುಗಿಗೆ ಚಮಚದಲ್ಲಿ ತಿನ್ನಿಸಿದಳು. ಕರವಸ್ತ್ರ ಮಡಿಸುವಂತೆ ಮಾಡಲು ಮತ್ತೊಂದು ಗಂಟೆ ಹಿಡಿಯಿತು. ‘ಬ್ಲ್ಯಾಕ್’ ಸಿನಿಮಾ ನೋಡಿದವರಿಗೆ ಈ ದೃಶ್ಯ ನೆನಪಾಗಬಹುದು. ಆಮೇಲೆ ತಂದೆ ತಾಯಿಯನ್ನು ಒಪ್ಪಿಸಿ ಹುಡುಗಿಯನ್ನು ಹತ್ತಿರದ ತೋಟದ ಮನೆಗೆ ಕರೆದೊಯ್ದಳು. ಮೊದಲ ರಾತ್ರಿ ಮಲಗಿಸುವುದಕ್ಕೇ ಸುಮಾರು ಎರಡು ಗಂಟೆ ಗುದ್ದಾಟ. ಹೀಗೆ ಬಲ ಬಳಸಿದ್ದನ್ನು ಇಂದು ಯಾರೂ ಮಾದರಿ ಎನ್ನಲಾರರು, ನಾನೂ ಎನ್ನುವುದಿಲ್ಲ. ಆದರೆ ಆ್ಯನ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಗುದ್ದಾಟದ ನಡುವೆಯೂ ಹುಡುಗಿಯ ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಮೂಡಿಸುತ್ತಲೇ ಇದ್ದಳು. ಹೆಲೆನ್ ಅದನ್ನು ಆಟವೆಂದು ಅನುಕರಿಸುತ್ತಿದ್ದಳೇ ಹೊರತು, ಪ್ರತಿ ವಸ್ತುವಿಗೂ ಒಂದು ಹೆಸರಿದೆ ಎಂಬುದು ತಲೆಗೆ ಹೋಗಿರಲಿಲ್ಲ.

ಏಪ್ರಿಲ್ 5. ನೀರು ಯಾವುದು, ಲೋಟ ಯಾವುದು ಎಂಬ ಗೊಂದಲ ಬಗೆಹರಿಯದೆ ಪಾಠ ಕೆಟ್ಟಿತು. ಬೇಸತ್ತ ಹೆಲೆನ್ ಹೊಸ ಗೊಂಬೆಯನ್ನು ನೆಲಕ್ಕೆ ಅಪ್ಪಳಿಸಿದಳು. ಚೂರುಗಳು ಕಾಲಿಗೆ ತಾಕಿದಾಗ ಅವಳಿಗೆ ಖುಷಿಯೇ ಆಯಿತು, ಅಯ್ಯೋ ಅನ್ನಿಸಲಿಲ್ಲ. ಆ್ಯನ್ ಚೂರುಗಳನ್ನು ಒಂದು ಬದಿಗೆ ಗುಡಿಸಿ, ಅವಳನ್ನು ಬಾವಿಯ ಪಂಪಿನ ಬಳಿ ಕರೆದೊಯ್ದಳು. ಒಂದು ಕೈಯ ಮೇಲೆ ನೀರು ಸುರಿಯುತ್ತಿತ್ತು, ಇನ್ನೊಂದು ಅಂಗೈಯಲ್ಲಿ ನೀರೆಂಬ ಪದದ ಅಕ್ಷರಗಳು ಮೂಡಿದವು. ಐದು ವರ್ಷ ಹಿಂದಿನ ಆ ತೊದಲು ಶಬ್ದಕ್ಕೆ ಕೊನೆಗೂ ಒಂದು ಪದ ಸಿಕ್ಕಿತು.

ಇಷ್ಟು ಕಥೆ ನಮಗೆಲ್ಲ ಗೊತ್ತು. ಪಾಠಪುಸ್ತಕಗಳು ಸಾಮಾನ್ಯವಾಗಿ ಪಂಪಿನ ಬಳಿಯೇ ಮುಗಿಯುತ್ತವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮುಂದಿನ ಕೆಲವು ನಿಮಿಷ. ಹೆಲೆನ್ ಮನೆಯೊಳಗೆ ಬಂದಳು. ಬಾಗಿಲು ದಾಟುತ್ತಲೇ ಒಡೆದ ಗೊಂಬೆ ನೆನಪಾಯಿತು. ತಡವರಿಸುತ್ತ ಹೋಗಿ ಚೂರುಗಳನ್ನು ಎತ್ತಿ ಜೋಡಿಸಲು ನೋಡಿದಳು. ಜೋಡಣೆಯಾಗಲಿಲ್ಲ. ಕಣ್ಣು ತುಂಬಿ ಬಂತು. ಪಶ್ಚಾತ್ತಾಪ, ದುಃಖ ಎರಡನ್ನೂ ಮೊದಲ ಬಾರಿ ಅನುಭವಿಸಿದ್ದು ಆಗಲೇ ಎಂದು ಮುಂದೆ ಆತ್ಮಕಥೆಯಲ್ಲಿ ಬರೆದಳು. ಅದಕ್ಕೂ ಮೊದಲು ದಾದಿಯನ್ನು ಒದ್ದಾಗ ಬೇಸರದ ನೆರಳು ಸುಳಿದಿತ್ತಂತೆ, ಆದರೆ ಅದು ಮುಂದಿನ ಒದೆತವನ್ನು ತಡೆದಿರಲಿಲ್ಲ. ಯಾರೂ ಅವಳನ್ನು ಗದರಿಸಿರಲಿಲ್ಲ, ಕ್ಷಮೆ ಕೇಳು ಎಂದಿರಲಿಲ್ಲ. ವಸ್ತುವಿಗೆ ಹೆಸರು ಸಿಕ್ಕ ಬೆನ್ನಿಗೇ, ಕಳೆದುಕೊಂಡದ್ದಕ್ಕೆ ಅಳುವುದೂ ಬಂತು.

ನಂತರ ಆ್ಯನ್ ಸಿಲೆಬಸ್ ಪದ್ಧತಿಯನ್ನೇ ಕೈಬಿಟ್ಟಳು. ಹೆಲೆನ್‌ಳ ಸಂಬಂಧಿಕರ 15 ತಿಂಗಳ ಕೂಸೊಂದು ಮಾತು ಬರುವ ಮೊದಲೇ ಎಷ್ಟೊಂದು ಅರ್ಥ ಮಾಡಿಕೊಳ್ಳುತ್ತದೆ ಎಂಬುದನ್ನು ಗಮನಿಸಿ, ಹೆಲೆನ್ ಅಂಗೈಯಲ್ಲೂ ಪೂರ್ತಿ ವಾಕ್ಯಗಳನ್ನೇ ಆಡತೊಡಗಿದಳು. ಒಮ್ಮೆ ಮಣಿ ಪೋಣಿಸುವಾಗ ತಪ್ಪಾಗಿ ಹುಡುಗಿ ತಲೆಕೆಡಿಸಿಕೊಂಡು ಕೂತಿದ್ದಾಗ, ಹಣೆ ಮುಟ್ಟಿ ಯೋಚಿಸು ಎಂಬ ಪದ ಬರೆದಳು. ತಲೆಯೊಳಗೆ ನಡೆಯುವುದಕ್ಕೂ ಹೆಸರಿದೆ ಎಂದು ಹೆಲೆನ್‌ಗೆ ತಿಳಿದದ್ದು ಹಾಗೆ.

1904ರಲ್ಲಿ ಹೆಲೆನ್ ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಬಿ.ಎ. ಪದವಿ ಪಡೆದರು. 1955ರಲ್ಲಿ ಭಾರತಕ್ಕೂ ಬಂದಿದ್ದರು. 1968ರ ಜೂನ್ 1ರಂದು ತೀರಿಕೊಂಡಾಗ ವಯಸ್ಸು 87. ಸಿಟ್ಟು ಮಾತ್ರ ಎಲ್ಲೂ ಹೋಗಿರಲಿಲ್ಲ ಅನ್ನಿಸುತ್ತದೆ. ಅದಕ್ಕೆ ಮಾತು ಸಿಕ್ಕಿತ್ತು ಅಷ್ಟೆ. ಕಾರ್ಖಾನೆ ಕಾರ್ಮಿಕರ ಪರ, ಮಹಿಳೆಯರ ಮತದಾನದ ಪರ, ಯುದ್ಧದ ವಿರುದ್ಧ ಖಾರವಾಗಿಯೇ ಬರೆದರು, ಭಾಷಣ ಮಾಡಿದರು.

ಒಂದು ಪ್ರಸಂಗ ಮಾತ್ರ ನನ್ನನ್ನು ಕಾಡುತ್ತದೆ. 1916ರಲ್ಲಿ, 36ನೇ ವಯಸ್ಸಿನಲ್ಲಿ, ಕಾರ್ಯದರ್ಶಿಯಾಗಿದ್ದ ಪೀಟರ್ ಫೇಗನ್ ಅವರನ್ನು ಹೆಲೆನ್ ಪ್ರೀತಿಸಿದರು. ಇಬ್ಬರೂ ಮದುವೆಗೆ ಅರ್ಜಿಯನ್ನೂ ಹಾಕಿದ್ದರು. ಸುದ್ದಿ ಪತ್ರಿಕೆಗೆ ಬಂತು, ತಾಯಿ ಸುತರಾಂ ಒಪ್ಪಲಿಲ್ಲ, ಸಂಬಂಧ ಮುರಿದುಬಿತ್ತು. ಕಿರುಚಿ ಕೇಳಿದ್ದನ್ನೆಲ್ಲ ಕೊಟ್ಟಿದ್ದ ಅದೇ ಮನೆಯವರು, ಮಗಳು ಸ್ಪಷ್ಟ ಮಾತಿನಲ್ಲಿ ಕೇಳಿದ ಇದೊಂದನ್ನು ಕೊಡಲಿಲ್ಲ. 1929ರಲ್ಲಿ ಬಂದ ಪುಸ್ತಕದಲ್ಲಿ ಹೆಲೆನ್ ಇದನ್ನು ತಾವೇ ಬರೆದಿದ್ದಾರೆ. ನೋವನ್ನು ಮುಚ್ಚಿಟ್ಟಿಲ್ಲ. ಆ ಅಲ್ಪಕಾಲದ ಪ್ರೀತಿ ತಮಗೆ ಸಿಕ್ಕಿದ್ದಕ್ಕೆ ಸಂತೋಷವಿದೆ ಎಂದೂ ಬರೆದಿದ್ದಾರೆ.