ಒಂದೇ ಆಂಟೆನಾ, ಎರಡು ವಾರ್ತೆ: ಮಾರ್ಕೋನಿ

ವ್ಯಾಟಿಕನ್ ಬಾನುಲಿಯ ಹೆಸರನ್ನು ಕೇಳದ ಕಥೋಲಿಕ ಮನೆ ವಿರಳ. ಅದನ್ನು ಕಟ್ಟಿಕೊಟ್ಟ ಗುಗ್ಲಿಯೆಲ್ಮೊ ಮಾರ್ಕೋನಿ 1874ರ ಏಪ್ರಿಲ್ 25ರಂದು ಇಟಲಿಯ ಬೊಲೋನ್ಯಾ ನಗರದಲ್ಲಿ ಜನಿಸಿದರು. ತಾಯಿ ಐರ್ಲೆಂಡಿನ ಪ್ರೊಟೆಸ್ಟಂಟ್ ಮನೆತನದವರು. ವಿಶ್ವವಿದ್ಯಾನಿಲಯದ ಪದವಿಯಿಲ್ಲದ ಈ ತರುಣ ತಂದೆಯ ಮನೆಯ ಅಟ್ಟದಲ್ಲಿ ಪ್ರಯೋಗ ನಡೆಸಿ, 1896ರಲ್ಲಿ ಇಂಗ್ಲೆಂಡಿಗೆ ತೆರಳಿದರು.

ಆ ಕಾಲದ ನಿಸ್ತಂತು ಯಂತ್ರಕ್ಕೊಂದು ದೊಡ್ಡ ದೋಷವಿತ್ತು. ವಿದ್ಯುತ್ ಕಿಡಿಯಿಂದ ಹೊರಟ ಅಲೆಗಳು ಅನೇಕ ತರಂಗಾಂತರಗಳಲ್ಲಿ ಹರಡಿಕೊಳ್ಳುತ್ತಿದ್ದವು. ಎರಡು ಕೇಂದ್ರಗಳು ಒಮ್ಮೆಲೇ ವಾರ್ತೆ ಕಳುಹಿಸಿದರೆ ಎರಡೂ ಕೆಡುತ್ತಿದ್ದವು. ಅಪಾಯದಲ್ಲಿದ್ದ ಹಡಗಿನ ಮೊರೆಯೂ ಆ ಗದ್ದಲದಲ್ಲಿ ಅಳಿಸಿಹೋಗಬಹುದಿತ್ತು.

ಇದಕ್ಕೆ ಮಾರ್ಕೋನಿ ಕೊಟ್ಟ ಉತ್ತರವೇ 1900ರ 7777 ಸಂಖ್ಯೆಯ ಬ್ರಿಟಿಷ್ ಪೇಟೆಂಟ್. ತಂತಿಸುರುಳಿಯನ್ನೂ ಕಂಡೆನ್ಸರನ್ನೂ ಜೋಡಿಸಿದ ಮಂಡಲಕ್ಕೆ ತನ್ನದೇ ಆದ ಲಯವಿರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ತಕ್ಕಂತೆ ತಳ್ಳಿದಾಗ ಮಾತ್ರ ಅದು ಏರುವಂತೆ, ಆ ಮಂಡಲವೂ ತನಗೆ ಹೊಂದುವ ಅಲೆಗೆ ಮಾತ್ರ ಓಗೊಡುತ್ತದೆ. ಅದೇ ವರ್ಷ ಇಂಗ್ಲೆಂಡಿನ ಪೂಲ್ ಪಟ್ಟಣದ ಬಳಿ ಒಂದೇ ಆಂಟೆನಾಕ್ಕೆ ಎರಡು ಗ್ರಾಹಕಗಳನ್ನು ಕಟ್ಟಲಾಯಿತು. ಸುಮಾರು 50 ಕಿಲೋಮೀಟರ್ ದೂರದ ವೈಟ್ ದ್ವೀಪದಿಂದ ಏಕಕಾಲಕ್ಕೆ ಬಂದ ಎರಡು ವಾರ್ತೆಗಳು, ಒಂದು ಇಂಗ್ಲಿಷ್, ಇನ್ನೊಂದು ಫ್ರೆಂಚ್, ಒಂದಕ್ಕೊಂದು ತಾಕದೆ ಬೇರೆಬೇರೆಯಾಗಿ ದಾಖಲಾದವು.

ಮುಂದೆ ನಮ್ಮ ಮನೆಗಳ ಮಾಡಿನ ಮೇಲೆ ವಿ.ಎಚ್.ಎಫ್. ಮತ್ತು ಯು.ಎಚ್.ಎಫ್. ಆಂಟೆನಾಗಳನ್ನು ಒಂದೇ ತಂತಿಯಲ್ಲಿ ಟಿ.ವಿ.ಗೆ ಇಳಿಸಿದ ಪುಟ್ಟ ಡಬ್ಬಿಯದೂ ಇದೇ ತತ್ತ್ವ. ಬರಿದೇ ತಂತಿಗಳನ್ನು ಹೊಸೆದರೆ ಒಂದರ ಶಕ್ತಿ ಇನ್ನೊಂದರೊಳಗೆ ಸೋರುತ್ತದೆ. ಪ್ರತಿ ಕವಲಿಗೂ ತನ್ನ ಅಲೆಯನ್ನಷ್ಟೇ ಬಿಡುವ ಬಾಗಿಲು ಬೇಕು. ಏಕ–ಅನೇಕಗಳ ಸಮಸ್ಯೆಯನ್ನು ಗುರುಮಠದಲ್ಲಿ ವರ್ಷಗಟ್ಟಲೆ ಓದಿದ ನನಗೆ, ಕೂಡಿದರೂ ಗುರುತು ಕಳೆದುಕೊಳ್ಳದ ಈ ಜೋಡಣೆ ಅರಿಸ್ಟಾಟಲನಿಗಿಂತ ಬೇಗ ಅರ್ಥವಾಯಿತು.

ವಿಚಿತ್ರವೆಂದರೆ, 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡಿನಲ್ಲಿ ಅಟ್ಲಾಂಟಿಕದಾಚೆಯ ಸಂಕೇತಕ್ಕೆ ಕಿವಿಗೊಟ್ಟಾಗ ಅವರು ತಮ್ಮ ಈ ಶ್ರುತಿಗೊಂಡ ಗ್ರಾಹಕವನ್ನೇ ಬದಿಗಿಡಬೇಕಾಯಿತು. ಗಾಳಿಪಟ ಎತ್ತಿಹಿಡಿದಿದ್ದ ಆಂಟೆನಾ ತಂತಿ ಏರಿಳಿದಂತೆ ಶ್ರುತಿ ತಪ್ಪುತ್ತಿತ್ತು. 1909ರಲ್ಲಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಅವರೊಡನೆ ನೊಬೆಲ್ ಪಾರಿತೋಷಕ ಬಂದಿತು.

ಶ್ರುತಿಯ ವಿಚಾರದಲ್ಲಿ ಪೂರ್ಣ ಕೀರ್ತಿ ಅವರೊಬ್ಬರದೇ ಎಂದರೆ ನ್ಯಾಯವಾಗದು. ಆಲಿವರ್ ಲಾಜ್ 1897ರಲ್ಲೇ ಆ ದಾರಿ ತುಳಿದಿದ್ದರು. ಅವರ ಪೇಟೆಂಟನ್ನು ಮಾರ್ಕೋನಿ ಕಂಪನಿ 1911ರಲ್ಲಿ ಕೊಂಡುಕೊಂಡಿತು. 1923ರಲ್ಲಿ ಮಾರ್ಕೋನಿ ಫ್ಯಾಸಿಸ್ಟ್ ಪಕ್ಷ ಸೇರಿದ್ದನ್ನೂ ನಾವು ಮರೆಮಾಚಬೇಕಾಗಿಲ್ಲ.

1931ರ ಫೆಬ್ರವರಿ 12ರಂದು ಜಗದ್ಗುರು ಹನ್ನೊಂದನೆಯ ಪಯಸ್ ಅವರು ವ್ಯಾಟಿಕನ್ ಬಾನುಲಿಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಲೋಕವನ್ನು ಉದ್ದೇಶಿಸಿ ಮಾತನಾಡಿದರು. ಕೇಂದ್ರಕ್ಕೆ 19.84 ಹಾಗೂ 50.26 ಮೀಟರ್ ಎಂಬ ಎರಡು ತರಂಗಾಂತರಗಳಿದ್ದವು. ಕಿರುತರಂಗಗಳಲ್ಲಿ ಗಿಡ್ಡ ಅಲೆ ಹಗಲಿನಲ್ಲೂ ಉದ್ದದ್ದು ಇರುಳಿನಲ್ಲೂ ದೂರ ಸಾಗುತ್ತದೆ.

1937ರ ಜುಲೈ 20ರಂದು ಮಾರ್ಕೋನಿ ರೋಮಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಗೌರವಾರ್ಥ ಬ್ರಿಟನ್ನಿನ ಬಾನುಲಿ ಕೇಂದ್ರಗಳು ಎರಡು ನಿಮಿಷ ಮೌನವಾದವು.