ಸರ್ ಫ್ರೆಡ್ರಿಕ್ ಬ್ಯಾಂಟಿಂಗ್ (1891–1941) ಹಾಗೂ ಊಟದ ವೇಳೆಯ ಇನ್ಸುಲಿನ್

ಪ್ರತಿ ವರ್ಷ ನವೆಂಬರ್ 14ರಂದು ವಿಶ್ವ ಮಧುಮೇಹ ದಿನವನ್ನು ಆಚರಿಸಲಾಗುತ್ತದೆ. ನಮ್ಮ ದೇಶದಲ್ಲಿ ಮಕ್ಕಳ ದಿನಾಚರಣೆಯೂ ಅದೇ ದಿನ ಬರುವುದರಿಂದ ಇದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಈ ದಿನಾಂಕವು ಕೆನಡಾ ದೇಶದ ವೈದ್ಯ ಸರ್ ಫ್ರೆಡ್ರಿಕ್ ಗ್ರಾಂಟ್ ಬ್ಯಾಂಟಿಂಗ್‌ರವರ ಜನ್ಮದಿನವಾಗಿದೆ. ಉಸಿರಿನ ಮೂಲಕ ಸೇದುವ ಇನ್ಸುಲಿನ್‌ಗೆ ಭಾರತದಲ್ಲಿ 2024ರ ಡಿಸೆಂಬರ್ ತಿಂಗಳಿನಲ್ಲಿ ಅನುಮತಿ ದೊರೆತಿದ್ದು, ಅದು ಎಲ್ಲ ಮಧುಮೇಹಿಗಳಿಗೂ ಹೊಂದುವುದೇ, ಹೊಂದದವರಿಗೆ ಬೇರೆ ಯಾವ ಮಾರ್ಗಗಳಿವೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಊಟಕ್ಕೆ ಮುನ್ನ ಸೂಜಿಯ ಮೂಲಕವೇ ಇನ್ಸುಲಿನ್ ನೀಡಬೇಕಾಗಿ ಬಂದುದೇಕೆ ಎಂಬುದು ಬ್ಯಾಂಟಿಂಗ್‌ರವರ ಜೀವನದಿಂದ ತಿಳಿದುಬರುವುದರಿಂದ, ಸದರಿ ವಿವರಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ಬ್ಯಾಂಟಿಂಗ್‌ರವರು 1891ರ ನವೆಂಬರ್ 14ರಂದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಆಲಿಸ್ಟನ್ ಪಟ್ಟಣದ ಸಮೀಪ ಒಂದು ರೈತ ಕುಟುಂಬದಲ್ಲಿ ಕಿರಿಯ ಮಗನಾಗಿ ಜನಿಸಿದರು. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಮೊದಲು ಕಲಾ ವಿಭಾಗಕ್ಕೆ ಸೇರಿ, 1912ರಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಬದಲಾಯಿಸಿಕೊಂಡರು. ಮೊದಲನೆಯ ಮಹಾಯುದ್ಧದ ಕಾರಣ ಪದವಿ ಪರೀಕ್ಷೆಗಳನ್ನು ಅವಧಿಗೆ ಮುನ್ನವೇ ನಡೆಸಲಾಗಿ, 1916ರಲ್ಲಿ ಪದವಿ ಪಡೆದು ಸೇನಾ ವೈದ್ಯ ದಳವನ್ನು ಸೇರಿದರು. 1918ರಲ್ಲಿ ಫ್ರಾನ್ಸಿನ ಕ್ಯಾಂಬ್ರೆ ರಣರಂಗದಲ್ಲಿ ತೋಳಿಗೆ ಗಾಯವಾದರೂ ಗಾಯಾಳುಗಳ ಆರೈಕೆಯನ್ನು ಮುಂದುವರಿಸಿದ ಕಾರಣ ಅವರಿಗೆ ಮಿಲಿಟರಿ ಕ್ರಾಸ್ ಪದಕ ಲಭಿಸಿತು.

ಯುದ್ಧಾನಂತರ 1920ರ ಜುಲೈ ತಿಂಗಳಿನಲ್ಲಿ ಒಂಟಾರಿಯೊದ ಲಂಡನ್ ನಗರದಲ್ಲಿ ಸ್ವಂತ ಚಿಕಿತ್ಸಾಲಯವನ್ನು ತೆರೆದರು. ಮೊದಲ ರೋಗಿ ಬರಲು ವಾರಗಳೇ ಹಿಡಿದವು. ಆ ತಿಂಗಳ ಒಟ್ಟು ಆದಾಯ ಕೇವಲ 4 ಡಾಲರ್. ಖರ್ಚಿಗೆ ಸಾಲದೆ ಸ್ಥಳೀಯ ವೈದ್ಯಕೀಯ ಶಾಲೆಯಲ್ಲಿ ಪಾಠ ಹೇಳುವ ಅರೆಕಾಲಿಕ ಕೆಲಸವನ್ನು ಒಪ್ಪಿಕೊಂಡರು. ವ್ಯವಹಾರವು ಚೆನ್ನಾಗಿ ನಡೆದಿದ್ದಲ್ಲಿ ಅವರು ಆ ಪಾಠಗಳನ್ನು ಒಪ್ಪಿಕೊಳ್ಳುತ್ತಿರಲಿಲ್ಲವೆಂದೇ ಹೇಳಬಹುದು. 1920ರ ಅಕ್ಟೋಬರ್ ಕೊನೆಯ ಒಂದು ರಾತ್ರಿ, ಮರುದಿನಗಳ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದಾಗ ಮೇದೋಜೀರಕ ಗ್ರಂಥಿಯ ಬಗೆಗಿನ ಒಂದು ಲೇಖನ ಅವರ ಕಣ್ಣಿಗೆ ಬಿದ್ದಿತು.

ಮೇದೋಜೀರಕ ಗ್ರಂಥಿಯು ಎರಡು ಕೆಲಸಗಳನ್ನು ಮಾಡುತ್ತದೆ. ಅದರ ಬಹುಭಾಗವು ಆಹಾರವನ್ನು ಜೀರ್ಣಿಸುವ ರಸವನ್ನು ಒಸರಿದರೆ, ಅಲ್ಲಲ್ಲಿ ಗುಂಪುಗಳಾಗಿ ಇರುವ ಕಿರುದ್ವೀಪಗಳು ರಕ್ತದ ಸಕ್ಕರೆಯನ್ನು ನಿಯಂತ್ರಿಸುವ ದ್ರವ್ಯವನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತವೆ. ಈ ಸಂಗತಿಯನ್ನು ವೈದ್ಯರು ಆ ವೇಳೆಗಾಗಲೇ ಅರಿತಿದ್ದರು. ಆದರೆ ಗ್ರಂಥಿಯನ್ನು ಅರೆದು ಸಾರ ತೆಗೆದರೆ ಅದರಲ್ಲಿರುವ ಜೀರ್ಣರಸವೇ ಆ ದ್ರವ್ಯವನ್ನು ನಾಶಪಡಿಸುತ್ತದೆಂದು ಬ್ಯಾಂಟಿಂಗ್‌ರವರು ಭಾವಿಸಿದರು. ನಾಯಿಯ ಗ್ರಂಥಿಯ ನಾಳವನ್ನು ಕಟ್ಟಿ, ಜೀರ್ಣರಸ ಒಸರುವ ಭಾಗವು ಕ್ಷೀಣಿಸುವವರೆಗೆ ಕಾದು, ಉಳಿದ ಕಿರುದ್ವೀಪಗಳಿಂದ ಸಾರ ತೆಗೆಯಬಹುದೆಂಬ ಯೋಚನೆಯನ್ನು ಅವರು ಅಂದಿನ ರಾತ್ರಿಯೇ ಟಿಪ್ಪಣಿ ಮಾಡಿಕೊಂಡರು. ನಾಳವನ್ನು ಕಟ್ಟುವ ಅಗತ್ಯವೇ ಇಲ್ಲವೆಂದು ಮುಂದೆ ಕಂಡುಬಂದಿತು. ಆದಾಗ್ಯೂ ಕೆಲಸ ಆರಂಭವಾದದ್ದು ಆ ಟಿಪ್ಪಣಿಯಿಂದಲೇ.

ಟೊರೊಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಜೆ.ಜೆ.ಆರ್. ಮೆಕ್ಲಿಯೋಡ್‌ರವರು ಈ ಯೋಜನೆಯನ್ನು ಮೊದಲಿಗೆ ಅನುಮಾನದಿಂದಲೇ ಕಂಡರು. ಸಂಶೋಧನೆಯಲ್ಲಿ ಅನುಭವವಿಲ್ಲದ ಯುವ ಶಸ್ತ್ರವೈದ್ಯನನ್ನು ಅವರು ಸುಲಭವಾಗಿ ನಂಬದೆ ಇದ್ದುದು ಅನ್ಯಾಯವೇನೂ ಅಲ್ಲ. ಕೊನೆಗೆ ಪ್ರಯೋಗಾಲಯ, ನಾಯಿಗಳು ಮತ್ತು ಒಬ್ಬ ಸಹಾಯಕನನ್ನು ಒದಗಿಸಿದರು. ಇಬ್ಬರು ವಿದ್ಯಾರ್ಥಿಗಳ ಪೈಕಿ ಮೊದಲು ಯಾರು ಸೇರಬೇಕೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಲಾಯಿತು. ಆ ಅವಕಾಶ ಚಾರ್ಲ್ಸ್ ಬೆಸ್ಟ್‌ರವರಿಗೆ ದೊರೆಯಿತು. 1921ರ ಮೇ 17ರಂದು ಕೆಲಸ ಪ್ರಾರಂಭವಾಯಿತು. ಬೇಸಿಗೆಯ ಸೆಖೆ, ಆರಂಭದ ತಿಂಗಳುಗಳಲ್ಲಿ ವೇತನವಿಲ್ಲದ ದುಡಿಮೆ, ಒಂದರ ಹಿಂದೊಂದು ಸಾಯುವ ನಾಯಿಗಳು. ಆಗಸ್ಟ್ ವೇಳೆಗೆ, ಗ್ರಂಥಿ ತೆಗೆದ ನಾಯಿಗಳ ರಕ್ತದ ಸಕ್ಕರೆಯು ಸಾರವನ್ನು ಚುಚ್ಚಿದಾಗ ಇಳಿಯುತ್ತಿರುವುದು ಸ್ಪಷ್ಟವಾಯಿತು. ವರ್ಷದ ಕೊನೆಯಲ್ಲಿ ಕಸಾಯಿಖಾನೆಯಿಂದ ತಂದ ದನದ ಗ್ರಂಥಿಯಿಂದ ಆಲ್ಕೋಹಾಲ್ ಬಳಸಿ ಸಾರ ತೆಗೆಯುವ ಕ್ರಮ ಕೈಗೂಡಿತು. ಅದನ್ನು ಶುದ್ಧೀಕರಿಸಲು ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್‌ರವರು ತಂಡವನ್ನು ಸೇರಿದರು.

ಸೂಜಿಯಿಲ್ಲದೆ ಔಷಧ ನೀಡುವ ಪ್ರಯತ್ನವೂ ಅಂದೇ ನಡೆಯಿತು. 1921ರ ಡಿಸೆಂಬರ್‌ನಲ್ಲಿ ಬ್ಯಾಂಟಿಂಗ್‌ರವರು ಮಧುಮೇಹದಿಂದ ಬಳಲುತ್ತಿದ್ದ ತಮ್ಮ ಸಹಪಾಠಿ, ವೈದ್ಯ ಜೋ ಗಿಲ್‌ಕ್ರಿಸ್ಟ್‌ರವರಿಗೆ ಸಾರವನ್ನು ಬಾಯಿಯ ಮೂಲಕ ಕೊಟ್ಟು ನೋಡಿದರು. ಯಾವ ಪರಿಣಾಮವೂ ಕಂಡುಬರಲಿಲ್ಲ. ಇನ್ಸುಲಿನ್ ಒಂದು ಪ್ರೋಟೀನ್ ಆಗಿರುವುದರಿಂದ ಹೊಟ್ಟೆ ಮತ್ತು ಕರುಳಿನಲ್ಲಿ ಬೇಳೆಕಾಳಿನ ಪ್ರೋಟೀನಿನಂತೆಯೇ ಜೀರ್ಣವಾಗಿಬಿಡುತ್ತದೆ. ಇನ್ಸುಲಿನ್ ಅನ್ನು ಮಾತ್ರೆಯಾಗಿ ಏಕೆ ಕೊಡುವುದಿಲ್ಲವೆಂದು ಅನೇಕರು ಕೇಳುವ ಪ್ರಶ್ನೆಗೆ ಉತ್ತರವು ಇದೇ ಆಗಿದೆ.

1922ರ ಜನವರಿ 11ರಂದು ಟೊರೊಂಟೊ ಜನರಲ್ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದು ನೀಡಲಾಯಿತು. ಅಂದಿನ ದಿನಗಳಲ್ಲಿ ಇಂತಹ ಮಕ್ಕಳಿಗಿದ್ದ ಏಕೈಕ ಚಿಕಿತ್ಸೆಯೆಂದರೆ ಅರೆ ಉಪವಾಸ. ಅದರಿಂದ ಸಾವು ಕೆಲವು ತಿಂಗಳು ಮುಂದಕ್ಕೆ ಹೋಗುತ್ತಿತ್ತೇ ವಿನಾ ತಪ್ಪುತ್ತಿರಲಿಲ್ಲ. ಬಾಲಕನ ತೂಕ ಸುಮಾರು 29 ಕಿಲೋಗ್ರಾಂಗೆ ಇಳಿದಿತ್ತು. ಮೊದಲ ಸಾರದಲ್ಲಿ ಕಲ್ಮಶವಿದ್ದ ಕಾರಣ ಚುಚ್ಚಿದ ಜಾಗದಲ್ಲಿ ಬಾವು ಬಂದಿತು, ಸಕ್ಕರೆಯು ಹೆಚ್ಚೇನೂ ಇಳಿಯಲಿಲ್ಲ. ಜನವರಿ 23ರಿಂದ ಕಾಲಿಪ್‌ರವರು ಶುದ್ಧೀಕರಿಸಿದ ಸಾರವನ್ನು ನೀಡಿದ ಮೇಲೆ ಬಾಲಕನು ಚೇತರಿಸಿಕೊಂಡು, ಇನ್ನೂ 13 ವರ್ಷ ಬದುಕಿದನು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯವರ ಮಗಳು ಎಲಿಜಬೆತ್ ಹ್ಯೂಸ್ ಬ್ಯಾಂಟಿಂಗ್‌ರವರ ಬಳಿಗೆ ಬಂದಾಗ 14ರ ಹರೆಯದಲ್ಲಿ ಆಕೆಯ ತೂಕ ಸುಮಾರು 20 ಕಿಲೋಗ್ರಾಂ ಮಾತ್ರ. ಆಕೆ ವಿವಾಹವಾಗಿ ಮೂವರು ಮಕ್ಕಳ ತಾಯಿಯಾಗಿ 1981ರವರೆಗೆ ಬಾಳಿದರು.

ಅಂದಿನ ಇನ್ಸುಲಿನ್ನಿನ ಪ್ರಭಾವ ಕೆಲವೇ ಗಂಟೆಗಳು ಇರುತ್ತಿತ್ತು. ಆದುದರಿಂದ ಊಟಕ್ಕೆ ಮುನ್ನ, ದಿನಕ್ಕೆ ಎರಡು ಅಥವಾ ಹೆಚ್ಚು ಸಲ ಚುಚ್ಚಬೇಕಾಗಿತ್ತು. ಪ್ರತಿ ತಯಾರಿಕೆಯ ಶಕ್ತಿಯೂ ಬೇರೆ ಬೇರೆಯಾಗಿದ್ದು, ಪ್ರಮಾಣ ಹೆಚ್ಚಾದಲ್ಲಿ ಸಕ್ಕರೆ ತೀರಾ ಕುಸಿದು ರೋಗಿಯು ಬೆವರಿ, ನಡುಗಿ, ಪ್ರಜ್ಞೆ ತಪ್ಪುವ ಅಪಾಯವಿತ್ತು. ಹಣ್ಣಿನ ರಸ ಅಥವಾ ಸಕ್ಕರೆಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ವಾಡಿಕೆ ಆಗಿನಿಂದಲೇ ಬಂದುದು.

ಹಕ್ಕುಪತ್ರದ ವಿಷಯವು ಇಲ್ಲಿ ವಿಶೇಷವಾಗಿ ಗಮನಾರ್ಹವಾಗಿದೆ. ವೈದ್ಯನಾದವನು ಔಷಧದ ಮೇಲೆ ಪೇಟೆಂಟ್ ಹೊಂದುವುದು ವೃತ್ತಿಧರ್ಮಕ್ಕೆ ಸಲ್ಲದೆಂದು ಬ್ಯಾಂಟಿಂಗ್‌ರವರು ಮೊದಲು ತಮ್ಮ ಹೆಸರನ್ನು ಸೇರಿಸಲು ಒಪ್ಪಿರಲಿಲ್ಲ. ಪೇಟೆಂಟ್ ಇಲ್ಲದಿದ್ದಲ್ಲಿ ಬೇರೆ ಯಾರಾದರೂ ಅದನ್ನು ಪಡೆದು ಇತರರು ತಯಾರಿಸದಂತೆ ತಡೆಯಬಹುದೆಂಬುದು ಮನವರಿಕೆಯಾದ ಮೇಲೆ ಸಮ್ಮತಿಸಿದರು. 1923ರ ಜನವರಿಯಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್‌ರವರು ತಮ್ಮ ಹಕ್ಕನ್ನು ತಲಾ ಒಂದು ಡಾಲರ್‌ಗೆ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ವಹಿಸಿಕೊಟ್ಟರು. ಒಂದು ಡಾಲರ್ ಎಂಬುದು ದಾನವಲ್ಲ. ಪ್ರತಿಫಲವಿಲ್ಲದ ಕರಾರು ಕಾನೂನಿನಲ್ಲಿ ನಿಲ್ಲುವುದು ಕಷ್ಟವಾದ್ದರಿಂದ ನಮೂದಿಸುವ ನಾಮಮಾತ್ರದ ಮೊತ್ತವದು. ವಿಶ್ವವಿದ್ಯಾಲಯವು ಪರವಾನಗಿ ನೀಡಿ, ಪ್ರತಿ ತಯಾರಿಕೆಯ ಶಕ್ತಿಯನ್ನು ಪರೀಕ್ಷಿಸುವ ಅಧಿಕಾರವನ್ನು ತನ್ನಲ್ಲಿಯೇ ಉಳಿಸಿಕೊಂಡಿತು. ಬೆಲೆಗಿಂತಲೂ ಗುಣಮಟ್ಟದ ಮೇಲಿನ ಈ ಹಿಡಿತವೇ ಆ ಕರಾರಿನ ಹೆಚ್ಚಿನ ಲಾಭವೆಂದು ಪರಿಗಣಿಸಬಹುದಾಗಿದೆ. ಏಕೆಂದರೆ ಹಕ್ಕನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಔಷಧವು ಅಗ್ಗವಾಗಿ ಉಳಿಯಲಿಲ್ಲ. ನಂತರ ಬಂದ ಪ್ರತಿಯೊಂದು ಸುಧಾರಿತ ಇನ್ಸುಲಿನ್‌ಗೂ ಹೊಸ ಪೇಟೆಂಟ್, ಹೊಸ ಬೆಲೆ ಬಂದವು.

1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲಿಯೋಡ್‌ರವರಿಗೆ ನೊಬೆಲ್ ಪ್ರಶಸ್ತಿ ಘೋಷಿಸಲಾಯಿತು. ಬೆಸ್ಟ್‌ರವರನ್ನು ಕೈಬಿಟ್ಟುದಕ್ಕೆ ಕುಪಿತರಾದ ಬ್ಯಾಂಟಿಂಗ್‌ರವರು ತಮ್ಮ ಪಾಲಿನ ಅರ್ಧ ಹಣವನ್ನು ಅವರಿಗೆ ನೀಡಿದರು. ಮೆಕ್ಲಿಯೋಡ್‌ರವರು ಕಾಲಿಪ್‌ರವರೊಡನೆ ಹಂಚಿಕೊಂಡರು. ಕೆನಡಾ ಸರ್ಕಾರವು ಬ್ಯಾಂಟಿಂಗ್‌ರವರಿಗೆ ವಾರ್ಷಿಕ 7,500 ಡಾಲರ್ ಜೀವಾವಧಿ ವರ್ಷಾಶನವನ್ನು ಮಂಜೂರು ಮಾಡಿತು. 1934ರಲ್ಲಿ ಸರ್ ಪದವಿ ಲಭಿಸಿತು. ಬಿಡುವಿನಲ್ಲಿ ಅವರು ಭೂದೃಶ್ಯಗಳ ಚಿತ್ರ ಬಿಡಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ಆರೋಗ್ಯ ಕುರಿತ ಸಂಶೋಧನೆಯಲ್ಲಿ ತೊಡಗಿದ್ದು, ಇಂಗ್ಲೆಂಡಿಗೆ ಹೊರಟಿದ್ದಾಗ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ವಿಮಾನ ಅಪಘಾತಕ್ಕೆ ಈಡಾಗಿ 1941ರ ಫೆಬ್ರವರಿ 21ರಂದು ನಿಧನ ಹೊಂದಿದರು. ಆಗ ಅವರಿಗೆ 49 ವರ್ಷ.

ಇನ್ಸುಲಿನ್ ಅನ್ನು ಉಸಿರಿನ ಮೂಲಕ ನೀಡುವ ಪ್ರಯತ್ನವು ಅವರ ಜೀವಿತಕಾಲದಲ್ಲಿಯೇ, 1920ರ ದಶಕದಲ್ಲಿ, ಜರ್ಮನಿಯಲ್ಲಿ ನಡೆದಿತ್ತು. ಅದು ಮಾರುಕಟ್ಟೆಗೆ ಬರಲು 2006ರವರೆಗೆ ಕಾಯಬೇಕಾಯಿತು. ಆಗ ಬಂದ ಎಕ್ಸುಬೆರಾ ಎಂಬ ಔಷಧದ ಉಪಕರಣವು ದೊಡ್ಡದಾಗಿದ್ದು, ಬೆಲೆಯೂ ಹೆಚ್ಚಾಗಿದ್ದ ಕಾರಣ ಮಾರಾಟವಾಗದೆ 2007ರಲ್ಲಿ ಕಂಪನಿಯೇ ಅದನ್ನು ನಿಲ್ಲಿಸಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣದ ಅಫ್ರೆಝಾಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ದೊರೆಯಿತು. 2024ರಲ್ಲಿ ಭಾರತದಲ್ಲಿ ವಯಸ್ಕರಿಗಾಗಿ ಅನುಮತಿ ಪಡೆದುದು ಇದೇ ಔಷಧ. ಅಸ್ತಮಾ ಅಥವಾ ದೀರ್ಘಕಾಲದ ಇತರ ಶ್ವಾಸಕೋಶ ಕಾಯಿಲೆ ಇರುವವರು ಇದನ್ನು ಬಳಸುವಂತಿಲ್ಲ. ಧೂಮಪಾನಿಗಳಿಗೆ ಇದು ಸೂಕ್ತವಲ್ಲ. ಆರಂಭಿಸುವ ಮುನ್ನ ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆ ಕಡ್ಡಾಯ. ಇದು ಊಟದ ವೇಳೆಗೆ ಮಾತ್ರ ಒದಗುವುದರಿಂದ ಒಂದನೇ ಬಗೆಯ ಮಧುಮೇಹಿಗಳು ದೀರ್ಘಕಾಲಿಕ ಇನ್ಸುಲಿನ್ ಚುಚ್ಚುಮದ್ದನ್ನು ಬಿಡುವಂತಿಲ್ಲ. ಸೂಜಿ ಪೂರ್ತಿ ತಪ್ಪುವುದೆಂಬ ನಿರೀಕ್ಷೆ ಇಂತಹವರ ವಿಷಯದಲ್ಲಿ ಸರಿಯಲ್ಲ.

ಇದು ಹೊಂದದವರಿಗೆ, ಅಥವಾ ಬೆಲೆ ನಿಲುಕದವರಿಗೆ ಇರುವ ಮಾರ್ಗಗಳು ಬಹುತೇಕ ಬ್ಯಾಂಟಿಂಗ್‌ರವರ ಚುಚ್ಚುಮದ್ದಿನ ಮುಂದುವರಿಕೆಯೇ ಆಗಿವೆ. ಊಟಕ್ಕೆ ಸುಮಾರು ಅರ್ಧ ಗಂಟೆ ಮುನ್ನ ತೆಗೆದುಕೊಳ್ಳುವ ಸಾಮಾನ್ಯ ಮಾನವ ಇನ್ಸುಲಿನ್ (ರೆಗ್ಯುಲರ್) ಅವುಗಳ ಪೈಕಿ ಕಡಿಮೆ ಬೆಲೆಯದು. ಇದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅರ್ಧ ಗಂಟೆ ಕಾಯಲು ಆಗದವರಿಗೆ ಲಿಸ್‌ಪ್ರೊ (1996), ಆಸ್ಪಾರ್ಟ್, ಗ್ಲುಲಿಸಿನ್ ಎಂಬ ತೀವ್ರಗತಿಯ ಇನ್ಸುಲಿನ್‌ಗಳಿವೆ. ಇವನ್ನು ಊಟಕ್ಕೆ ತುಸು ಮುನ್ನವೇ ಚುಚ್ಚಿಕೊಳ್ಳಬಹುದು. ಸೂಜಿಯ ಭಯವಿರುವವರಿಗೆ ಇನ್ಸುಲಿನ್ ಪೆನ್ ಹೆಚ್ಚು ಅನುಕೂಲಕರ. ಅದರ ಈಗಿನ ಸೂಜಿಯು 4 ಮಿಲಿಮೀಟರ್ ಉದ್ದದಷ್ಟು ಚಿಕ್ಕದಾಗಿ ದೊರೆಯುತ್ತದೆ. ಪಂಪ್ ಕೂಡ ಇದೆ, ಆದರೆ ಅದರ ವೆಚ್ಚವು ಎಲ್ಲರಿಗೂ ನಿಲುಕುವಂತಹುದಲ್ಲ. ಎರಡನೇ ಬಗೆಯ ಮಧುಮೇಹಿಗಳಲ್ಲಿ ಕೆಲವರಿಗೆ ಊಟದೊಂದಿಗೆ ನುಂಗುವ ರೆಪಾಗ್ಲಿನೈಡ್, ಅಕಾರ್ಬೋಸ್, ವೋಗ್ಲಿಬೋಸ್ ಮಾತ್ರೆಗಳಿಂದಲೇ ಊಟದ ನಂತರದ ಸಕ್ಕರೆಯನ್ನು ಹತೋಟಿಯಲ್ಲಿಡಲು ಸಾಧ್ಯವಿದೆ. ಇವು ಇನ್ಸುಲಿನ್ ಅಲ್ಲ. ಒಂದನೇ ಬಗೆಯವರು ಇನ್ಸುಲಿನ್ ಬಿಟ್ಟು ಇವುಗಳನ್ನು ಅವಲಂಬಿಸುವುದು ಪ್ರಾಣಾಪಾಯಕರವಾಗಿರುತ್ತದೆ.

ಜಿಲ್ಲಾ ಆಸ್ಪತ್ರೆ ಹಾಗೂ ಸಮುದಾಯ ಆರೋಗ್ಯ ಕೇಂದ್ರಗಳ ಅಸಾಂಕ್ರಾಮಿಕ ರೋಗ ಚಿಕಿತ್ಸಾಲಯಗಳಲ್ಲಿ ಮಧುಮೇಹದ ತಪಾಸಣೆ ಮಾಡಲಾಗುತ್ತದೆ. ಇನ್ಸುಲಿನ್ ಬದಲಾಯಿಸಲು ಕೋರುವವರು ಈ ಹಿಂದೆ ಅಸ್ತಮಾ, ದೀರ್ಘಕಾಲದ ಕೆಮ್ಮು ಅಥವಾ ಕ್ಷಯದ ಚಿಕಿತ್ಸೆ ಪಡೆದಿದ್ದಲ್ಲಿ ಆ ದಾಖಲೆಗಳನ್ನು, ಈಗ ಬಳಸುತ್ತಿರುವ ಇನ್ಸುಲಿನ್ನಿನ ಹೆಸರು, ಪ್ರಮಾಣ ಮತ್ತು ಚುಚ್ಚಿಕೊಳ್ಳುವ ವೇಳೆಯ ವಿವರಗಳೊಂದಿಗೆ ವೈದ್ಯಾಧಿಕಾರಿಯವರಿಗೆ ಹಾಜರುಪಡಿಸತಕ್ಕದ್ದು.