ಸೂರ್ಯಕಾಂತಿಗೆ ಎಣ್ಣೆ ತುಂಬಿದ ಪುಸ್ತೊವೊಯ್ತ್

ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ನಮ್ಮದೊಂದು ಎರೆಹೊಲವಿದೆ. ಅದರಲ್ಲಿ ಸೂರ್ಯಪಾನ ಹೂಬಿಟ್ಟಾಗ ದಾರಿಹೋಕರು ನಿಂತು ನೋಡುವುದುಂಟು. ಎಳೆಯ ಮೊಗ್ಗು ದಿನವಿಡೀ ಸೂರ್ಯನ ಕಡೆಗೆ ತಿರುಗುತ್ತಿರುತ್ತದೆ. ಹೂವು ಬಲಿತ ಮೇಲೆ ಮೂಡಣಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಆ ಚೆಲುವನ್ನು ನೋಡುತ್ತ ಕೂಡಲು ನಮ್ಮ ತಂದೆಯವರಿಗೆ ಬಿಡುವಿಲ್ಲ. ಕವಣೆ ಹಿಡಿದು ಗಿಳಿ ಕಾಯುವುದೇ ಅವರ ಕೆಲಸ. ಕಳೆದ ಮುಂಗಾರಿನಲ್ಲಿ ಅವರು ನನ್ನನ್ನೊಂದು ಪ್ರಶ್ನೆ ಕೇಳಿದರು. ಮುತ್ತಜ್ಜನ ಕಾಲಕ್ಕೆ ಎಣ್ಣೆಗೆ ಕುಸುಬಿ, ಶೇಂಗಾಗಳಿದ್ದವು. ಈ ಸೂರ್ಯಪಾನ ಎಲ್ಲಿಯದು, ಇದರ ಹಿಂದೆ ಯಾರಿದ್ದಾರೆ? ಮೂರು ವರ್ಷ ರಾಜರ ಇತಿಹಾಸ ಓದಿದ ನಾನು ನಿರುತ್ತರನಾದೆ. ಆಮೇಲೆ ಹುಡುಕಿ ತಿಳಿದ ಒಬ್ಬ ಮಹನೀಯರ ಜೀವನವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೂರ್ಯಕಾಂತಿಯ ತವರು ಉತ್ತರ ಅಮೇರಿಕ. ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಅದನ್ನು ಯುರೋಪಿಗೆ ಒಯ್ದರು. ಅಲ್ಲಿ ಅದು ಬಹುಕಾಲ ತೋಟದ ಅಲಂಕಾರವಾಗಿಯೇ ಉಳಿಯಿತು. ರಶಿಯಾದಲ್ಲಿ ಬೊಕರ್ಯೊವ್ ಎಂಬ ಜೀತದಾಳು 1829ರಲ್ಲಿ ಅದರ ಬೀಜದಿಂದ ಎಣ್ಣೆ ತೆಗೆದ ಮೇಲೆ ಹೂವು ಬೆಳೆಯಾಯಿತು. ಆ ಬೆಳೆಯನ್ನು ಸಂಪೂರ್ಣವಾಗಿ ಬದಲಿಸಿದವರು ವಾಸಿಲಿ ಸ್ತೆಪಾನೊವಿಚ್ ಪುಸ್ತೊವೊಯ್ತ್.

ಪುಸ್ತೊವೊಯ್ತರು 1886ರಲ್ಲಿ ಈಗಿನ ಯುಕ್ರೇನಿನ ತಾರಾನೊವ್ಕಾ ಎಂಬ ಹಳ್ಳಿಯಲ್ಲಿ ಜನಿಸಿದರು. ಖಾರ್ಕೋವಿನಲ್ಲಿ ಕೃಷಿವಿದ್ಯೆ ಕಲಿತು, ದಕ್ಷಿಣದ ಕುಬಾನ್ ಪ್ರಾಂತಕ್ಕೆ ಹೋಗಿ ಕೊಸಾಕ್ ತರುಣರ ಕೃಷಿಶಾಲೆಯಲ್ಲಿ ಉಪಾಧ್ಯಾಯರಾದರು. 1912ರಲ್ಲಿ, ಇಂದು ಕ್ರಾಸ್ನೊದಾರ್ ಎನಿಸಿರುವ ಊರಿನಲ್ಲಿ, ಒಂದು ಸಣ್ಣ ಪ್ರಯೋಗಕ್ಷೇತ್ರವನ್ನು ತೆರೆದರು. ಅದೇ ಮುಂದೆ ದೊಡ್ಡ ಎಣ್ಣೆಕಾಳು ಸಂಶೋಧನಾ ಸಂಸ್ಥೆಯಾಗಿ ಬೆಳೆದು, ಇಂದು ಅವರ ಹೆಸರನ್ನೇ ಹೊತ್ತಿದೆ.

ಆ ಕಾಲದ ಬೀಜದಲ್ಲಿ ಎಣ್ಣೆ ನೂರಕ್ಕೆ ಸುಮಾರು 30 ಪಾಲು ಮಾತ್ರ. ಮೇಲಾಗಿ ಬೇರಿಗೆ ಅಂಟಿಕೊಂಡು ರಸ ಹೀರುವ ಒಂದು ಕಳೆಯಿಂದ ಹೊಲಹೊಲಗಳೇ ಹಾಳಾಗುತ್ತಿದ್ದವು. ನಮ್ಮ ನಿಪ್ಪಾಣಿ ಕಡೆಯ ತಂಬಾಕನ್ನು ಕಾಡುವುದೂ ಅದೇ ಬಳಗದ ಕಳೆ. ಇವೆರಡಕ್ಕೂ ಬೀಜದಲ್ಲಿಯೇ ಪರಿಹಾರವನ್ನು ಹುಡುಕಬೇಕೆಂದು ಪುಸ್ತೊವೊಯ್ತರು ಹಟ ಹಿಡಿದರು.

ಇಲ್ಲಿಯ ತೊಡಕನ್ನು ನಮ್ಮ ಮನೆಯ ಉದಾಹರಣೆಯಿಂದಲೇ ಹೇಳಬಹುದು. ನಮ್ಮ ಅಜ್ಜ ರಾಶಿಯಾಗುವ ಮೊದಲು ದೊಡ್ಡ ತೆನೆಗಳನ್ನು ಆರಿಸಿ ಬೀಜಕ್ಕೆಂದು ಕಾಯ್ದಿಡುತ್ತಿದ್ದರು. ಆದರೆ ತೆನೆ ದೊಡ್ಡದಾದರೆ ಎಣ್ಣೆ ಹೆಚ್ಚೆಂದು ಅರ್ಥವಲ್ಲ; ಎಣ್ಣೆ ಕಣ್ಣಿಗೆ ಕಾಣುವ ಗುಣವಲ್ಲ. ಅದೂ ಅಲ್ಲದೆ, ಜೇನುನೊಣಗಳು ಎಲ್ಲೆಲ್ಲಿಯದೋ ಪರಾಗವನ್ನು ತಂದು ಬೆರೆಸುವುದರಿಂದ ಒಳ್ಳೆಯ ತಾಯಿಯ ಬೀಜವೂ ಕೆಡುತ್ತದೆ. ಪುಸ್ತೊವೊಯ್ತರು ಆರಿಸಿದ ಪ್ರತಿಯೊಂದು ತೆನೆಯ ಬೀಜವನ್ನು ಎರಡು ಪಾಲು ಮಾಡಿದರು. ಒಂದು ಪಾಲನ್ನು ಬಿತ್ತಿ ಅದರ ಇಳುವರಿ, ಎಣ್ಣೆ, ರೋಗ ತಡೆಯುವ ಶಕ್ತಿಗಳನ್ನು ಪರೀಕ್ಷಿಸಿದರು; ಇನ್ನೊಂದನ್ನು ಹಾಗೆಯೇ ಕಾಯ್ದಿಟ್ಟರು. ಪರೀಕ್ಷೆಯಲ್ಲಿ ಗೆದ್ದ ತೆನೆಗಳ ಕಾಯ್ದಿಟ್ಟ ಪಾಲನ್ನು ಮಾತ್ರ ಬೇರೆ ಹೊಲಗಳಿಂದ ದೂರದಲ್ಲಿ ಒಟ್ಟಿಗೆ ಬಿತ್ತಿ, ಒಳ್ಳೆಯದು ಒಳ್ಳೆಯದರೊಡನೆಯೇ ಕೂಡುವಂತೆ ಮಾಡಿದರು. ಒಂದು ಸುತ್ತು ಮುಗಿಯಲು ಹಲವು ವರ್ಷಗಳೇ ಬೇಕು. ಅಂಥ ಸುತ್ತುಗಳನ್ನು ಅವರು ಅರ್ಧ ಶತಮಾನ ನಡೆಸಿದರು. ಬೀಜದ ಸಿಪ್ಪೆ ತೆಳುವಾಯಿತು, ತಿರುಳು ತುಂಬಿತು. ಎಣ್ಣೆಯ ಪಾಲು 50ನ್ನೂ ದಾಟಿತು. ಕಳೆಯನ್ನು ತಡೆದುಕೊಳ್ಳುವ ತಳಿಗಳೂ ಹುಟ್ಟಿದವು. 1959ರಲ್ಲಿ ಲೆನಿನ್ ಪ್ರಶಸ್ತಿ ಬಂದಿತು. 1964ರಲ್ಲಿ ಅವರು ವಿಜ್ಞಾನ ಅಕಾಡೆಮಿಯ ಸದಸ್ಯರಾದರು. 1972ರಲ್ಲಿ ಕ್ರಾಸ್ನೊದಾರಿನಲ್ಲಿಯೇ ನಿಧನರಾದರು.

ಅದಕ್ಕೆ ಮೂರು ವರ್ಷ ಮೊದಲು, 1969ರಲ್ಲಿ, ಪೆರೆದೊವಿಕ್ ಮೊದಲಾದ ರಶಿಯಾದ ತಳಿಗಳು ಭಾರತಕ್ಕೆ ಬಂದಿದ್ದವು. ಕರ್ನಾಟಕದ ಎರೆಭೂಮಿ ಈ ಬೆಳೆಯನ್ನು ತನ್ನದಾಗಿಸಿಕೊಂಡಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ದೇಶದ ಮೊದಲ ಸೂರ್ಯಕಾಂತಿ ಸಂಕರ ತಳಿ ಹೊರಬಂದಿತು. ಇಳುವರಿ ಏರಿತು, ಆದರೆ ಸಂಕರ ಬೀಜವನ್ನು ಕಾಯ್ದಿಟ್ಟು ಮತ್ತೆ ಬಿತ್ತಿದರೆ ಮೊದಲಿನ ಗುಣ ಉಳಿಯದು. ಅಜ್ಜ ಬೀಜ ಕಟ್ಟಿಡುತ್ತಿದ್ದ ಗಂಟು ನಮ್ಮ ಮನೆಯಲ್ಲಿ ಬರಿದಾಯಿತು. ತಂದೆಯವರು ವರ್ಷವರ್ಷವೂ ಪೊಟ್ಟಣ ಕೊಳ್ಳುತ್ತಾರೆ. ಹೊರದೇಶದ ಅಗ್ಗದ ಎಣ್ಣೆ ಬಂದು ಧಾರಣೆ ಬಿದ್ದಾಗಲೆಲ್ಲ, ಇದನ್ನು ಬಿಟ್ಟು ಗೋವಿನಜೋಳ ಹಾಕುವ ಮಾತಾಡುತ್ತಾರೆ.

ಈ ಕಥೆಯನ್ನೆಲ್ಲ ನಾನು ಹೊಲದಲ್ಲಿಯೇ ಅವರಿಗೆ ಹೇಳಿದೆ. ಬೀಜವನ್ನು ಎರಡು ಪಾಲು ಮಾಡಿದ ಸಂಗತಿಯನ್ನು ಅವರು ಎರಡು ಸಲ ಹೇಳಿಸಿಕೊಂಡರು. ಪ್ರಶಸ್ತಿಗಳ ವಿಷಯ ಅವರಿಗೆ ಬೇಕಾಗಲಿಲ್ಲ. ಆತನ ಮಕ್ಕಳು ಏನು ಮಾಡಿದರೆಂದು ಮಾತ್ರ ಕೇಳಿದರು. ಮಗಳು ಗಲೀನಾ ತಂದೆಯ ದಾರಿಯನ್ನೇ ಹಿಡಿದು, ಕಾಡು ಸೂರ್ಯಕಾಂತಿಯೊಡನೆ ಕೂಡಿಸಿ ರೋಗಕ್ಕೆ ಬಗ್ಗದ ತಳಿಗಳನ್ನು ಬೆಳೆಸಿದಳೆಂದು ತಿಳಿಸಿದೆ. ತಂದೆಯವರು ತಲೆದೂಗಿ ಮತ್ತೆ ಕವಣೆಗೆ ಕಲ್ಲಿಟ್ಟರು. ಬರುವ ವರ್ಷ ಪದವಿ ಪಡೆದು ನಾನೇನು ಮಾಡುವೆನೆಂದು ಅವರು ಕೇಳಲಿಲ್ಲ. ಆದರೆ ಆ ಪ್ರಶ್ನೆ ಅಂದಿನಿಂದ ನನ್ನ ಜೊತೆಯಲ್ಲಿಯೇ ಇದೆ. ನಮ್ಮಂತೆ ಹೊಲದಿಂದ ಕಾಲೇಜಿಗೆ ಬಂದ ಮಿತ್ರರು ಅದನ್ನು ತಮಗೂ ಕೇಳಿಕೊಂಡರೆ ಪುಸ್ತೊವೊಯ್ತರ ಜೀವನವನ್ನು ಓದಿದ್ದು ಸಾರ್ಥಕವಾದೀತು.